ದಿನಾ ಬಸ್ಸಲ್ಲಿ ಓಡಾಡುವವರು ಇಂಗ್ಲಿಷ್ ಕಲಿಯಲು ಸಮಯ ಹೊಂದಿಸುವುದು ಹೇಗೆ?

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ದಿನಾ ಕೆಲಸಕ್ಕೆ ಹೋಗಿ ಬರುತ್ತೀರಿ, ಇಂಗ್ಲಿಷ್ ಕಲಿಯಲು ಟೈಮೇ ಸಿಗಲ್ಲ ಅಂದಿದ್ದೀರಿ. ಟೈಮ್ ಬಸ್ಸಲ್ಲೇ ಇದೆ ಅಲ್ವಾ? ಸುಮಾರು 60 ಕಿಲೋಮೀಟರ್ ದಾರಿ. ಹೋಗಿ ಬರುವಷ್ಟರಲ್ಲಿ ಎರಡು ಗಂಟೆಗಂತೂ ಮೋಸವಿಲ್ಲ.

ನಾನೂ ಇದೇ ದಾರಿಯಲ್ಲಿ ಓಡಾಡಿದವನು. ಮೊದಲು ಸುಮ್ನೆ ರೀಲ್ಸ್ ನೋಡುತ್ತಾ ಕೂರುತ್ತಿದ್ದೆ. ಆಮೇಲೆ ಅಂಗಿ ಜೇಬಿಗೆ ಒಂದು ಪುಟ್ಟ ನೋಟ್‌ಬುಕ್ ಬಂತು. ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡ. ಬಲಭಾಗವನ್ನು ಬಸ್ ಟಿಕೆಟ್‌ನಿಂದ ಮುಚ್ಚಿ ನೆನಪು ಮಾಡಿಕೊಳ್ಳುವುದು. ಹತ್ತೇ ಪದ. ದಾರಿ ಮಧ್ಯದ ಭರಮಸಾಗರ ಬರುವಷ್ಟರಲ್ಲಿ ಮುಗಿಯುತ್ತಿತ್ತು.

ಅದೇ ಹತ್ತು ಪದಗಳನ್ನು ಸಂಜೆ ವಾಪಸ್ ಬರುವಾಗ ನೋಡಿ. ಮೂರು ದಿನ ಬಿಟ್ಟು ಇನ್ನೊಮ್ಮೆ, ವಾರ ಬಿಟ್ಟು ಮತ್ತೊಮ್ಮೆ. ಈ ಅಂತರವೇ ಮುಖ್ಯ. ಕಲಿತದ್ದರಲ್ಲಿ ಜಾಸ್ತಿ ಪಾಲು ಮೊದಲ ದಿನವೇ ಮರೆತುಹೋಗುತ್ತದೆ ಎಂದು ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೇ ಪ್ರಯೋಗ ಮಾಡಿಕೊಂಡು 1885ರಲ್ಲೇ ಬರೆದಿದ್ದ. ಒಂದೇ ಸಲ ಕೂತು ಉರುಹೊಡೆಯುವುದಕ್ಕಿಂತ ಬಿಟ್ಟು ಬಿಟ್ಟು ಓದಿದ್ದು ನಿಲ್ಲುತ್ತದೆ.

ದಿನಕ್ಕೆ 20 ನಿಮಿಷ, ತಿಂಗಳಿಗೆ 25 ದಿನ ಅಂದರೂ ವರ್ಷಕ್ಕೆ 100 ಗಂಟೆ. ಸೀಟ್ ಸಿಗದ ದಿನ ಇಯರ್‌ಫೋನ್ ಹಾಕಿ ಇಂಗ್ಲಿಷ್ ಸುದ್ದಿ ಕೇಳಿ. ಸಂಜೆ ನಿದ್ದೆ ಬಂದರೆ ಮಾತ್ರ ಮಲಗಿಬಿಡಿ, ನಾನಂತೂ ಎಷ್ಟೋ ಸಲ ಮಲಗಿದ್ದೇನೆ.