ಒಂದು ನೋ ಬಾಲ್‌ಗೂ ಬೆಲೆ ಇದೆಯಾ?

ಪ್ರಶ್ನೆ: ಮ್ಯಾಚ್ ಫಿಕ್ಸ್ ಮಾಡಬೇಕಾದರೆ ಹನ್ನೊಂದು ಜನರನ್ನೂ ಕೊಂಡುಕೊಳ್ಳಬೇಕಲ್ವಾ ಸಾರ್? ಇದನ್ನು ತಡೆಯೋದು ಹೇಗೆ?

ಉತ್ತರ: ಹನ್ನೊಂದು ಜನ ಯಾಕೆ, ಒಬ್ಬ ಬೌಲರ್ ಸಾಕು! 2010ರ ಲಾರ್ಡ್ಸ್ ಟೆಸ್ಟ್‌ನಲ್ಲಿ ಪಾಕಿಸ್ತಾನದ ಆಮಿರ್ ಹಾಕಿದ ನೋ ಬಾಲ್ ನೋಡಿದ್ದೀರಾ? ಕಾಲು ಗೆರೆ ದಾಟಿ ಎಷ್ಟೋ ಮುಂದೆ ಬಿದ್ದಿತ್ತು. ಯಾವ ಎಸೆತ ಅನ್ನೋದು ದುಡ್ಡಿಗಾಗಿ ಮೊದಲೇ ಮಾತಾಗಿತ್ತು. ಬೆಟ್ಟಿಂಗ್ ಬರೀ ಗೆಲುವು-ಸೋಲಿನ ಮೇಲಲ್ಲ, ಇಂಥ ಸಣ್ಣಪುಟ್ಟದರ ಮೇಲೂ ನಡೆಯುತ್ತೆ. ಆಮಿರ್, ಆಸಿಫ್, ನಾಯಕ ಸಲ್ಮಾನ್ ಬಟ್ ಮೂವರಿಗೂ ಮರುವರ್ಷ ಸೆರೆವಾಸವಾಯಿತು. ಬಯಲಿಗೆಳೆದದ್ದು ಮಾತ್ರ ಕ್ರಿಕೆಟ್ ನಡೆಸುವ ಅಂತಾರಾಷ್ಟ್ರೀಯ ಸಂಸ್ಥೆ ಐಸಿಸಿ ಅಲ್ಲ, ವೇಷ ಮರೆಸಿಕೊಂಡು ಹೋದ ಒಬ್ಬ ಪತ್ರಕರ್ತ!

ಹಾಗಂತ ಐಸಿಸಿ ಸುಮ್ನೆ ಕೂತಿಲ್ಲ. 2000ದಲ್ಲಿ ದಕ್ಷಿಣ ಆಫ್ರಿಕಾದ ನಾಯಕ ಹ್ಯಾನ್ಸಿ ಕ್ರೋನಿಯೆ ಫಿಕ್ಸಿಂಗ್‌ನಲ್ಲಿ ಸಿಕ್ಕಿಬಿದ್ದ ಮೇಲೆ ಇದಕ್ಕೇ ಒಂದು ಘಟಕ ಶುರುವಾಯಿತು. ಪಂದ್ಯದ ದಿನ ಆಟಗಾರರು ಫೋನ್ ಒಪ್ಪಿಸಿಯೇ ಒಳಗೆ ಹೋಗಬೇಕು. ಬುಕ್ಕಿ, ಅಂದರೆ ಬೆಟ್ಟಿಂಗ್ ನಡೆಸುವವನು, ಫಿಕ್ಸಿಂಗ್‌ಗೆ ಮಾತಾಡಿಸಿದರೆ ಆ ಘಟಕಕ್ಕೆ ತಿಳಿಸಬೇಕು, ತಿಳಿಸದಿದ್ದರೆ ಅದೇ ತಪ್ಪು. ಬಾಂಗ್ಲಾದೇಶದ ಶಕೀಬ್ ಅಲ್ ಹಸನ್ ಫಿಕ್ಸಿಂಗ್ ಏನೂ ಮಾಡಿರಲಿಲ್ಲ, ಬಾಯಿ ಬಿಡಲಿಲ್ಲ ಅಷ್ಟೇ. 2019ರಲ್ಲಿ 2 ವರ್ಷದ ನಿಷೇಧ ಬಿತ್ತು, ಅದರಲ್ಲಿ 1 ವರ್ಷದ್ದು ಮತ್ತೆ ತಪ್ಪು ಮಾಡಿದರೆ ಮಾತ್ರ ಜಾರಿ.

ನನ್ನ ಪ್ರಕಾರ ಆಟಗಾರರನ್ನಷ್ಟೇ ಹಿಡಿದರೆ ಸಾಲದು. ಲೈಸೆನ್ಸ್ ಇರುವ ಬೆಟ್ಟಿಂಗ್ ಕಂಪನಿಯಾದರೆ ಒಂದೇ ಓವರಿನ ಮೇಲೆ ಇದ್ದಕ್ಕಿದ್ದಂತೆ ಜಾಸ್ತಿ ದುಡ್ಡು ಬಿದ್ದಾಗ ಲೆಕ್ಕದಲ್ಲಿ ಕಾಣುತ್ತೆ. ಕದ್ದುಮುಚ್ಚಿ ನಡೆಯುವ ದಂಧೆಯಲ್ಲಿ ಬರೀ ನಗದು, ಬಾಯಿಮಾತು. ಪೊಲೀಸರು ಯಾವ ಪುಸ್ತಕ ತೆಗೆದು ನೋಡಬೇಕು ಹೇಳಿ?