ಉಪ್ಪು ಅಡ್ಡ ಬರಲ್ಲ, ಹೊರಗೆ ತಳ್ಳುತ್ತೆ: ನಿಮ್ಮ ಬೋರಾನ್ ಲೇಖನದ ಬಗ್ಗೆ

ನಮಸ್ಕಾರ. ಐಸೋಆಕ್ಟನಾಲ್ ಅನ್ನೋ ಆಲ್ಕೋಹಾಲನ್ನ ಸೀಮೆಎಣ್ಣೇಲಿ ಕರಗಿಸಿ, ಅದರ ಜೊತೆ ನೀರನ್ನ ಕಲಕಿ ಬೋರಾನ್ ತೆಗೆಯೋದರ ಬಗ್ಗೆ ನೀವು ಕಳಿಸಿದ ಲೇಖನ ಎರಡು ಸಲ ಓದಿದೆ. ನೇರವಾಗಿ ಹೇಳ್ತೀನಿ, ಈಗಿರೋ ಹಾಗೆ ಇದನ್ನ ಹಾಕೋಕಾಗಲ್ಲ, ಆದ್ರೆ ಕೈಬಿಡಬೇಡಿ. ಕೇರಂ ಬೋರ್ಡಿಗೆ ಉದುರಿಸೋ ಬಿಳಿ ಪೌಡರಿಂದ ಶುರು ಮಾಡಿ ಇದೇ ಬೋರಿಕ್ ಆ್ಯಸಿಡ್, ನೀರಲ್ಲಿ ಬೋರಾನ್ ಹೆಚ್ಚಾಗಿ ಇರೋದು ಈ ರೂಪದಲ್ಲೇ ಅಂತ ಹೇಳಿದ್ದೀರಲ್ಲ, ತುಂಬಾ ಹಿಡಿಸ್ತು, ಆ ಭಾಗ ಮುಟ್ಟಬೇಡಿ.

ಎಡವಟ್ಟಾಗಿರೋದು ಮೂರನೇ ಪ್ಯಾರಾದಲ್ಲಿ. "ನೀರಲ್ಲಿ ಉಪ್ಪು ಜಾಸ್ತಿ ಇದ್ರೆ ಅಡ್ಡ ಬಂದು ಬೋರಾನ್ ಕಮ್ಮಿ ಸಿಗುತ್ತೆ" ಅಂದಿದ್ದೀರ. ಪೂರ್ತಿ ಉಲ್ಟಾ. ಸೋಪ್ ಮಾಡೋರು ಉಪ್ಪು ಸುರಿದ ತಕ್ಷಣ ಸೋಪು ನೀರು ಬಿಟ್ಟು ಮೇಲೆ ಬರುತ್ತಲ್ಲ, ಇಲ್ಲೂ ಹೆಚ್ಚುಕಮ್ಮಿ ಅದೇ ಕಥೆ. ಒಂದೊಂದು ಮೆಗ್ನೀಸಿಯಂ ಅಯಾನು (ಅಂದ್ರೆ ಚಾರ್ಜು ಹೊತ್ತ ಕಣ) ಆರು ನೀರಿನ ಅಣುಗಳನ್ನ ಸುತ್ತ ಬಿಗಿಯಾಗಿ ಹಿಡ್ಕೊಂಡಿರುತ್ತೆ, ಹಂಗಾಗಿ ಬೋರಿಕ್ ಆ್ಯಸಿಡ್ಡಿಗೆ ಅಂಟ್ಕೊಳ್ಳೋಕೆ ನೀರು ಕಮ್ಮಿಯಾಗಿ ಅದು ಮೇಲಿರೋ ಸೀಮೆಎಣ್ಣೆ ಪದರಕ್ಕೆ, ಅದರಲ್ಲಿ ಕರಗಿರೋ ಐಸೋಆಕ್ಟನಾಲ್ ಹತ್ರ ಹೋಗುತ್ತೆ. ಸೋಡಿಯಂ ಅಯಾನು ದೊಡ್ಡದು, ಮೆಗ್ನೀಸಿಯಂಗೆ ಚಾರ್ಜು ಎರಡಾದ್ರೆ ಇದಕ್ಕೆ ಬರೀ ಒಂದು, ಅದರ ಹಿಡಿತ ಸಡಿಲ, ಅದಕ್ಕೇ ಅಡುಗೆ ಉಪ್ಪು ಮೆಗ್ನೀಸಿಯಂ ಕ್ಲೋರೈಡಿನಷ್ಟು ಕೆಲಸ ಮಾಡಲ್ಲ. ಬರೀ 'ಉಪ್ಪು' ಅಂದುಬಿಟ್ರೆ ಇದೆಲ್ಲ ಕಳೆದುಹೋಗುತ್ತೆ, ದಯವಿಟ್ಟು ಯಾವ ಉಪ್ಪು ಅಂತ ಬರೀರಿ.

ಪಿಎಚ್, ಅಂದ್ರೆ ನೀರು ಎಷ್ಟು ಹುಳಿ ಎಷ್ಟು ಕ್ಷಾರ ಅನ್ನೋ ಅಳತೆ, ಅದರ ಬಗ್ಗೆ ಒಂದು ಸಾಲೂ ಇಲ್ಲ, ಅದಿಲ್ಲದೆ ಆಗಲ್ಲ. ಶುದ್ಧ ನೀರಲ್ಲಿ ಪಿಎಚ್ 9.2 ದಾಟಿದ್ರೆ ಬೋರಾನ್‌ನ ಹೆಚ್ಚಿನ ಪಾಲು ಚಾರ್ಜು ಹೊತ್ತ ಬೋರೇಟ್ ಆಗುತ್ತೆ, ಐಸೋಆಕ್ಟನಾಲಿನಂಥ ಆಲ್ಕೋಹಾಲುಗಳು ಅದನ್ನ ಎತ್ತಲ್ಲ. ಸಮುದ್ರದ ನೀರಲ್ಲಿ ಉಪ್ಪಿರೋದ್ರಿಂದ ಈ ತಿರುವು ಇನ್ನೂ ಮುಂಚೆ, 8.6ರ ಹತ್ರಾನೇ ಬರುತ್ತೆ. ಉಪ್ಪು ಅಡ್ಡ ಬರುತ್ತೆ ಅನ್ನೋ ನಿಮ್ಮ ಮಾತು ಸ್ವಲ್ಪವಾದ್ರೂ ನಿಜವಾಗೋ ಜಾಗ ಅಂದ್ರೆ ಇದೊಂದೇ. ಅದಕ್ಕೇ ಮೊದಲು ಆ್ಯಸಿಡ್ ಹಾಕ್ತಾರೆ, ಆಮೇಲೆ ಎಣ್ಣೆಯಿಂದ ಬೋರಾನ್ ವಾಪಸ್ ಇಳಿಸೋಕೆ ಉಪ್ಪಿಲ್ಲದ, ಸ್ವಲ್ಪ ಕ್ಷಾರದ ನೀರು ಬಳಸ್ತಾರೆ.

ಕೊನೇಲಿ ಕುಡಿಯೋ ನೀರಿಗೆ ಈ ವಿಧಾನ ಬೇಕು ಅಂದಿದ್ದೀರ, ಅದನ್ನ ತೆಗೀರಿ. ಸಮುದ್ರದ ನೀರಲ್ಲಿರೋ ಬೋರಾನ್ ಲೀಟರಿಗೆ ಸುಮಾರು 4.5 ಮಿಲಿಗ್ರಾಂ ಅಷ್ಟೇ, ಆಲ್ಕೋಹಾಲೂ ಒಂಚೂರು ನೀರಲ್ಲಿ ಉಳಿಯುತ್ತೆ, ಯಾರು ಕುಡೀತಾರೆ? ಇದರ ನಿಜವಾದ ಜಾಗ ಚಿಲಿಯ ಅಟಕಾಮಾ ಉಪ್ಪುಬಯಲು. ಅಲ್ಲಿ ಬಿಸಿಲಿಗೆ ಒಣಗಿ ಮೆಗ್ನೀಸಿಯಂ, ಲಿಥಿಯಂ ತುಂಬ್ಕೊಂಡ ಗಟ್ಟಿ ಉಪ್ಪುನೀರಿಂದ, ಲಿಥಿಯಂ ಕಾರ್ಬೊನೇಟ್ ಮಾಡೋ ಮೊದಲು ಬೋರಾನ್ ತೆಗೀಲೇಬೇಕು, ಇಲ್ಲಾಂದ್ರೆ ಸರಕು ಕೆಡುತ್ತೆ. ಅಲ್ಲಿ ಆ ಉಪ್ಪೇ ಕೆಲಸ ಹಗುರ ಮಾಡುತ್ತೆ.

ಮೂರನೇ ಪ್ಯಾರಾ ಒಂದನ್ನೇ ಮೊದಲು ತಿದ್ದಿ ಕಳಿಸಿ, ಮಿಕ್ಕಿದ್ದು ಆಮೇಲೆ ಕೂತು ನೋಡೋಣ.