‘ಆ್ಯಂಡ್’ಗೆ ಮುಂಚೆ ಕಾಮಾ ಬೇಕಾ?

ಪ್ರಶ್ನೆ: ಮಗಳು 7ನೇ ಕ್ಲಾಸ್. ಇಂಗ್ಲಿಷ್ ಪ್ರಬಂಧದಲ್ಲಿ ‘ರೈಸ್, ದಾಲ್, ಆ್ಯಂಡ್ ಸಾಲ್ಟ್’ ಅಂತ ಬರೆದಿದ್ದಳು. ಮೇಷ್ಟ್ರು ಎರಡನೇ ಕಾಮಾಗೆ ಕೆಂಪು ಸುತ್ತು ಹಾಕಿ ಅರ್ಧ ಮಾರ್ಕ್ ಕಳೆದಿದ್ದಾರೆ. ನ್ಯೂಜೆರ್ಸಿಯಲ್ಲಿರುವ ನನ್ನ ಅಕ್ಕನ ಮಗನಿಗೆ ಅಲ್ಲಿನ ಟೀಚರ್ ಆ ಕಾಮಾ ಬಿಟ್ಟರೇ ತಪ್ಪು ಅನ್ನುತ್ತಾರಂತೆ. ಯಾರು ಸರಿ?
– ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ಇಬ್ಬರೂ ಸರಿ ಕಣಮ್ಮ. ಅರ್ಧ ಮಾರ್ಕ್ ಕಳೆದದ್ದು ಮಾತ್ರ ಸ್ವಲ್ಪ ಜಾಸ್ತಿಯಾಯಿತು.

ಬ್ರಿಟನ್ನಿನ ಪತ್ರಿಕೆಗಳು ಸಾಮಾನ್ಯವಾಗಿ ಆ ಕಾಮಾ ಹಾಕುವುದಿಲ್ಲ. ನಮ್ಮ ಶಾಲೆಗಳ ಇಂಗ್ಲಿಷ್ ಬಂದದ್ದು ಆ ಕಡೆಯಿಂದಲೇ ಅಲ್ವಾ? ಅಮೆರಿಕದಲ್ಲಿ ಪುಸ್ತಕದವರು ಹಾಕುತ್ತಾರೆ, ಪತ್ರಿಕೆಯವರು ಹೆಚ್ಚಾಗಿ ಬಿಡುತ್ತಾರೆ. ತಮಾಷೆ ಏನೆಂದರೆ ಇದರ ಹೆಸರೇ ಆಕ್ಸ್‌ಫರ್ಡ್ ಕಾಮಾ. ಇಂಗ್ಲೆಂಡಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಅದನ್ನು ಪಟ್ಟು ಹಿಡಿದು ಹಾಕಿಕೊಂಡು ಬಂದಿದೆ.

ನಾನು 28 ವರ್ಷ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದಿದವನು. ಒಂದು ಸಲ ಹೋಟೆಲಿನ ಮೆನು ಕಾರ್ಡ್ ಬಂತು: ‘ದೋಸಾ, ಬ್ರೆಡ್ ಆ್ಯಂಡ್ ಬಟರ್ ಆ್ಯಂಡ್ ಕಾಫಿ’. ಎರಡೆರಡು ‘ಆ್ಯಂಡ್’ ಯಾಕೆ ಅಂತ ಮೊದಲನೆಯದನ್ನು ಹೊಡೆದುಹಾಕಿ ಕಾಮಾ ಇಟ್ಟೆ. ‘ದೋಸಾ, ಬ್ರೆಡ್, ಬಟರ್ ಆ್ಯಂಡ್ ಕಾಫಿ’ ಅಂತ ಐನೂರು ಕಾರ್ಡ್ ಅಚ್ಚಾಯಿತು. ಮಾಲೀಕರು ಬಂದು, “ಏನ್ರೀ, ಇನ್ಮೇಲೆ ಕಾಫಿಗೆ ಬೆಣ್ಣೆ ಹಾಕಿ ಕೊಡ್ಲಾ?” ಅಂದರು. ‘ಬ್ರೆಡ್ ಆ್ಯಂಡ್ ಬಟರ್’ ಮುಟ್ಟದೆ, ‘ಆ್ಯಂಡ್ ಕಾಫಿ’ಗೆ ಮುಂಚೆ ಒಂದು ಕಾಮಾ ಇಟ್ಟಿದ್ದರೆ ಸಾಕಿತ್ತು.

ನನಗಾದದ್ದು ಐನೂರು ಕಾರ್ಡಿನ ನಷ್ಟ. ಅಮೆರಿಕದ ಮೇನ್ ರಾಜ್ಯದಲ್ಲಿ ಓಕ್‌ಹರ್ಸ್ಟ್ ಡೈರಿಯ ಡ್ರೈವರುಗಳು ಓವರ್‌ಟೈಮ್ ಕೇಳಿ ಕೋರ್ಟಿಗೆ ಹೋದರು. ಓವರ್‌ಟೈಮ್ ಇಲ್ಲದ ಕೆಲಸಗಳ ಪಟ್ಟಿಯ ಕೊನೆಯಲ್ಲಿ ಕಾನೂನು ‘ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್’ ಅನ್ನುತ್ತಿತ್ತು. ‘ಆರ್’ಗೆ ಮುಂಚೆ ಕಾಮಾ ಇರಲಿಲ್ಲ. ಪ್ಯಾಕ್ ಮಾಡುವುದು ಒಂದು ಕೆಲಸ, ಹಂಚುವುದು ಇನ್ನೊಂದು, ಎರಡಕ್ಕೂ ಓವರ್‌ಟೈಮ್ ಇಲ್ಲ ಎಂದಿತು ಡೈರಿ. ಸಾಗಿಸಲಿಕ್ಕೋ ಹಂಚಲಿಕ್ಕೋ ಪ್ಯಾಕ್ ಮಾಡುವುದು ಅಂತ ಒಂದೇ ಕೆಲಸ ಇದು, ನಾವು ಪ್ಯಾಕ್ ಮಾಡುವವರೇ ಅಲ್ಲ ಎಂದರು ಡ್ರೈವರುಗಳು. 2017ರಲ್ಲಿ ಅಪೀಲು ಕೋರ್ಟ್ ಡ್ರೈವರುಗಳ ವಾದವನ್ನೇ ಹಿಡಿಯಿತು. ಮರುವರ್ಷ 50 ಲಕ್ಷ ಡಾಲರಿಗೆ ರಾಜಿಯಾಯಿತು. ಅಲ್ಲಿನ ಸರ್ಕಾರ ಆ ಪಟ್ಟಿಗೆ ಈಗ ಸೆಮಿಕೋಲನ್ ಹಾಕಿಕೊಂಡಿದೆ!

ಹಾಗಂತ ಕಾಮಾ ಎಲ್ಲ ಕಡೆಯೂ ಕಾಪಾಡುವುದಿಲ್ಲ. ‘ಮೈ ಅಂಕಲ್, ಎ ಡಾಕ್ಟರ್, ಆ್ಯಂಡ್ ಐ’ ಅಂದರೆ ಎಷ್ಟು ಜನ? ಮಾವನೇ ಡಾಕ್ಟರಾದರೆ ಇಬ್ಬರು, ಇಲ್ಲದಿದ್ದರೆ ಮೂವರು. ‘ಎ ಡಾಕ್ಟರ್, ಮೈ ಅಂಕಲ್ ಆ್ಯಂಡ್ ಐ’ ಅಂತ ಜಾಗ ಬದಲಾಯಿಸಿದರೆ ಮೂವರೇ. ಕನ್ನಡದಲ್ಲಿ ‘ಅಕ್ಕಿ, ಬೇಳೆ, ಉಪ್ಪು ತಂದೆ’ ಅಂದರೆ ಮುಗಿಯಿತು, ‘ಮತ್ತು’ವಿನ ತಂಟೆಯೇ ಇಲ್ಲ.

ಸದ್ಯಕ್ಕೆ ಮಗಳು ಮೇಷ್ಟ್ರು ಹೇಳಿದಂತೆ ಬರೆಯಲಿ. ಅರ್ಥ ಕಲಸುಮೇಲೋಗರ ಆಗುವ ಕಡೆ ಧೈರ್ಯವಾಗಿ ಕಾಮಾ ಹಾಕಿ, ಯಾಕೆಂದು ಮೇಷ್ಟ್ರಿಗೆ ಹೇಳಲಿ. ಎರಡೇ ವಸ್ತು ಇದ್ದರೆ ಕಾಮಾ ಬೇಡ. ‘ಸಾಲ್ಟ್ ಆ್ಯಂಡ್, ಪೆಪ್ಪರ್’ ಅಂತ ‘ಆ್ಯಂಡ್’ ಆದಮೇಲೆ ಹಾಕಿದರೆ ಮಾತ್ರ ನಾನೂ ಅರ್ಧ ಮಾರ್ಕ್ ಕಳೆಯುತ್ತೇನೆ.